ಒಳಗೂ ಪಾಲಿಶ್ ಹಾಕಿದ ಹಕ್ಕಿಗೂಡು

ನಾಲ್ಕು ವರ್ಷದ ಹಿಂದಿನ ಏಪ್ರಿಲ್. ಶಿವಮೊಗ್ಗದಲ್ಲಿ ಸರ್ಕಾರಿ ಪಶುವೈದ್ಯೆಯಾಗಿದ್ದ ನನಗೆ ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ದನ, ಎಮ್ಮೆ, ಕುರಿಗಳಲ್ಲೇ ಆಯುಷ್ಯ ಕಳೆದವಳಿಗೆ ಹಕ್ಕಿಗಳ ಕೇಸು ಬಂದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದನ್ನು ಮಾತ್ರ ಮರೆಯಲಾರೆ.

ಭಾನುವಾರ ಬೆಳಿಗ್ಗೆ ಆಲ್ಕೊಳದ ನಮ್ಮ ಮನೆಗೆ ಭದ್ರಾವತಿಯಿಂದ ರಶೀದ್ ಭಾಯ್ ಫೋನ್ ಮಾಡಿದರು. ಅವರ ಮೇಕೆಗಳಿಗೆ ಹಿಂದೆ ಔಷಧಿ ಕೊಟ್ಟಿದ್ದೆ. ಅವರು ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವರು. ಎರಕ ಹೊಯ್ಯುವ ಮೊದಲು ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ಮೇಲೆತ್ತುತ್ತಾರೆ. ಆ ಮಾದರಿ ಮಾಡುವ ಕೆಲಸ. ಪತ್ನಿ ಜುಬೇದಾ ಸೊಂಟದ ಮೂಳೆ ಮುರಿದು ಎರಡು ತಿಂಗಳಿಂದ ಮಲಗಿದ್ದರು. ಅವರಿಗೆ ಹೊತ್ತು ಹೋಗಲೆಂದು ಕಿಟಕಿಯೆದುರಿನ ಕಾಂಪೌಂಡ್ ಗೋಡೆಗೆ ಇವರೇ ಹಕ್ಕಿಗೂಡು ಮಾಡಿ ಹಾಕಿದ್ದರು. ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಅದರಲ್ಲಿ ಮೂರು ಮರಿ ಮಾಡಿತ್ತು.

"ಎರಡು ದಿನದಿಂದ ತಾಯಿ ಹೊರಗೇ ಕೂತು ಕರೀತಿದೆ ಮೇಡಂ. ಮರಿಗಳು ಒಳಗೇ ಕೂಗ್ತವೆ, ಹೊರಗೆ ಬರ್ತಿಲ್ಲ. ಇವತ್ತು ಆ ಕೂಗೂ ಕಮ್ಮಿಯಾಗಿದೆ. ಇವಳು ತಿಂಡಿ ಮುಟ್ಟಿಲ್ಲ."

ರೋಗ ಹುಡುಕಿಕೊಂಡು ಹೋಗುವುದು ನಮ್ಮ ಜಾಯಮಾನ. ಉಣ್ಣಿಯೋ, ಸೋಂಕೋ ಎಂದುಕೊಳ್ಳುತ್ತ ಔಷಧಿ ಚೀಲ ಹೊತ್ತು ಹೋದೆ.

ಗೂಡು ನೋಡಲು ಚೆನ್ನಾಗಿತ್ತು. ಇಳಿಜಾರು ಸೂರು, ಎರಡಿಂಚಿನ ತೂತು, ಬೆಕ್ಕಿಗೆ ಎಟುಕದ ಎತ್ತರ. ತೂತಿನ ಕೆಳಗೆ ಅಲಂಕಾರಕ್ಕೊಂದು ಕಡ್ಡಿ. "ಇದು ಬೇಡ ರಶೀದ್ ಭಾಯ್, ಕಾಗೆಗೆ ಕುರ್ಚಿ ಹಾಕಿಕೊಟ್ಟ ಹಾಗೆ" ಎಂದು ಕಿತ್ತುಹಾಕಿಸಿದೆ.

ಮುಚ್ಚಳ ತೆಗೆದೆವು. ಮೂರಕ್ಕೂ ಗರಿ ಬಲಿತಿತ್ತು, ರೋಗದ ಲಕ್ಷಣವೇನೂ ಇರಲಿಲ್ಲ. ಆದರೆ ಒಂದು ಕತ್ತು ಚೆಲ್ಲಿ ಸುಸ್ತಾಗಿತ್ತು. ಇನ್ನೊಂದು ತೂತಿನ ಕಡೆ ಹಾರಿತು, ಉಗುರು ಜಾರಿ ಕೆಳಗೆ ಬಿತ್ತು. ಒಳಗೆ ಕೈ ಹಾಕಿದೆ. ಗಾಜಿನಷ್ಟು ನುಣುಪು.

"ಒಳಗೂ ಪಾಲಿಶ್ ಹಾಕಿದ್ದೀರಾ?"

"ಮೂರು ಕೋಟ್. ಪ್ಯಾಟರ್ನಲ್ಲಿ ಒಂದು ಗೀರಿದ್ರೂ ಮರಳು ಹಿಡ್ಕೊಳ್ಳುತ್ತೆ ಮೇಡಂ. ನಲವತ್ತು ವರ್ಷ ಅದೇ ಅಭ್ಯಾಸ..." ಅವರೂ ಒಳಗೆ ಕೈ ಇಳಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ಕೈಯಾರೆ ಅವನ್ನ ಬಾವೀಲಿ ಕೂರಿಸ್ದೆ" ಎಂದರು. ಅವರ ಮುಖ ನೋಡಲಾಗಲಿಲ್ಲ.

ಚೀಲ ಬಿಚ್ಚಲೇ ಇಲ್ಲ. ಒರಟು ತೊಗಟೆಯ ಬೇವಿನ ಕೊಂಬೆಯೊಂದನ್ನು ತಳದಿಂದ ತೂತಿನವರೆಗೆ ಓರೆಯಾಗಿಟ್ಟು, ಮುಚ್ಚಳ ಹಾಕಿ, ಜುಬೇದಾರ ಮಂಚದ ಬಳಿ ಬಂದು ಕೂತೆವು. ಹತ್ತು ನಿಮಿಷಕ್ಕೆ ಒಂದು ತಲೆ ಹೊರಗೆ ಕಂಡಿತು. ಅದರ ಬೆನ್ನಿಗೇ ಇನ್ನೊಂದು. ಮೂರನೆಯದು ಬರಲಿಲ್ಲ. ತಾಯಿ ಹುಳ ಕಚ್ಚಿಕೊಂಡು ಒಳಗೆ ಹೋಗಿ ಬಂತು, ಮತ್ತೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಆ ಮರಿಯೂ ತೂತಿನ ಅಂಚಿಗೆ ಬಂದು, ಯೋಚಿಸಿ, ಕರಿಬೇವಿನ ಗಿಡಕ್ಕೆ ಹಾರಿತು. ಜುಬೇದಾ ಅತ್ತರು. ನೂರಾರು ಹೆರಿಗೆ ನೋಡಿಯೂ ಕಣ್ಣು ಒದ್ದೆಯಾಗದಿದ್ದ ನಾನೂ ಅತ್ತೆ.

ಮುಂದಿನ ವಾರ ಹೋದಾಗ ರಶೀದ್ ಭಾಯ್ ಖಾಲಿ ಗೂಡನ್ನು ಇಳಿಸಿ, ಹಳೆಯ ಹುಲ್ಲು ತೆಗೆದು, ಬಿಸಿನೀರಲ್ಲಿ ತೊಳೆದು ಒಣಗಿಸಿದ್ದರು. ನೀರು ಇಳಿಯಲು ತಳಕ್ಕೆ ಸಣ್ಣ ತೂತು ಕೊರೆದಿದ್ದರು. ಉಳಿದದ್ದು ಒಳಗೋಡೆ. ಉಳಿ ಹಿಡಿದು, ಮೊದಲ ಗೀರಿಗೆ ಮುನ್ನ ಆ ನುಣುಪನ್ನು ಒಮ್ಮೆ ಹೆಬ್ಬೆರಳಲ್ಲಿ ಸವರಿದರು. ಅಡ್ಡಡ್ಡ ಹತ್ತಾರು ಗೀರು ಹಾಕಿ, ನನ್ನತ್ತ ಚಾಚಿದರು.

"ಸಾಕಾ ಮೇಡಂ, ಇನ್ನೂ ಕೆಡಿಸ್ಲಾ?"

ಔಷಧಿ ಚೀಲ ಬಿಚ್ಚುವ ಮೊದಲು ಆ ಜೀವ ಇರುವ ಜಾಗಕ್ಕೆ ಕೈ ಹಾಕಿ ನೋಡಬೇಕೆಂದು ವೃತ್ತಿ ನನಗೆ ಕಲಿಸಿದ್ದು ಕೊನೆಯ ತಿಂಗಳಲ್ಲಿ. ಹಾಗಾಗಿ ಕೈ ಹಾಕಿ ನೋಡುತ್ತಿದ್ದೆ. ಅಷ್ಟರಲ್ಲಿ ಮಂಚದಿಂದ ಜುಬೇದಾ ಹೇಳಿದರು:

"ಇನ್ನೂ ಸ್ವಲ್ಪ ಕೆಡಿಸಿ. ಮುಂದಿನ ವರ್ಷದ ಮರಿಗಳಿಗೆ ಸಲೀಸಾಗ್ಲಿ."