ಪಾಸಿಂಗ್ ಪ್ಯಾಕೇಜಿನ ಕೋಣೆಗೆ ಹೋದ ಹುಡುಗಿ

ಕೋವಿಡ್ ನಂತರ ಶಾಲೆಗಳು ಪೂರ್ಣವಾಗಿ ತೆರೆದ ವರ್ಷ ನಾನು ಇಳಕಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿದ್ದೆ. ಪಾಠಕ್ಕೆ ಹೋಗುವ ಮುನ್ನ ಮಕ್ಕಳು ಎಲ್ಲಿ ಎಡವಬಹುದು, ಏಕೆ ಎಡವಬಹುದು ಎಂದು ಯೋಚಿಸಿಕೊಳ್ಳುವುದು ನನ್ನ ರೂಢಿ. ತಪ್ಪು ಉತ್ತರದ ಹಿಂದೆಯೂ ಒಂದು ತರ್ಕವಿರುತ್ತದೆ. ಅದನ್ನು ಕೇಳದೆ ಕೆಂಪು ಗೆರೆ ಎಳೆಯುವುದು ಅನ್ಯಾಯ.

ಹತ್ತನೆಯ ತರಗತಿಗೆ ವರ್ಗ ಸಮೀಕರಣ ಆರಂಭಿಸಿದ ದಿನ, ಊರಿನ ಗ್ರಾನೈಟ್ ಕೆಲಸದಿಂದಲೇ ಪ್ರಶ್ನೆ ಎತ್ತಿಕೊಂಡೆ. ಎರಡು ಅಡಿ ಬದಿಯ ಚೌಕ ಕಲ್ಲನ್ನು ಪಾಲಿಶ್ ಮಾಡಲು ಒಂದು ತಾಸು ಬೇಕು. ನಾಲ್ಕು ಅಡಿ ಬದಿಯದಕ್ಕೆ ಎಷ್ಟು? ಹೆಚ್ಚಿನವರು ‘ಎರಡು’ ಎನ್ನುವರೆಂದು ಊಹಿಸಿದ್ದೆ, ಹಾಗೆಯೇ ಎಂದರು. ಹಿಂದಿನ ಸಾಲಿನ ರೇಖಾ ಮಾತ್ರ ‘ಮೂರು’ ಎಂದಳು. ಅದು ನನ್ನ ಊಹೆಯಲ್ಲಿರಲಿಲ್ಲ.

ರೇಖಾ ನೇಕಾರರ ಮಗಳು. ಬೆಳಿಗ್ಗೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ತಡವಾಗಿಯೇ ಬರುತ್ತಿದ್ದಳು; ಅವಳ ತಮ್ಮನಿಗೆ ಆ ಕೆಲಸವಿರಲಿಲ್ಲ. ಮಗಳ ದುಡಿಮೆಯನ್ನು ಮನೆಗೆಲಸವೆಂದು ಕರೆದು, ಮಗನನ್ನು ಮಾತ್ರ ಹೊತ್ತಿಗೆ ಸರಿಯಾಗಿ ಶಾಲೆಗೆ ಕಳಿಸುವುದೂ ಅನ್ಯಾಯವೇ. ಆದರೂ ಪಿಯುಸಿಯಲ್ಲಿ ವಿಜ್ಞಾನ ಓದಬೇಕೆಂಬುದು ಅವಳ ಹಟ.

“ಮೂರ ತಾಸಂತ! ಕಲ್ಲ ಒಡದ ಪಾಲಿಶ್ ಹೊಡಿತಾಳೇನಲೇ ಇಕಿ?” ಎಂದು ಬಸು ನಕ್ಕ. ಅವನ ತಂದೆ ಪಾಲಿಶ್ ಕಾರ್ಖಾನೆಯ ಕೆಲಸಗಾರ.

“ನಿಮ್ಮಪ್ಪಗ ಎರಡ ತಾಸಿನ್ಯಾಗ ಮುಗಸಾಕ ಹೇಳು, ಸಂಜಿಮುಂದ ಗೊತ್ತಾಕ್ಕೈತಿ,” ಎಂದಳು ರೇಖಾ.

ತಿದ್ದುವ ಬದಲು ಅವಳ ಕೈಗೆ ಚಾಕ್‌ಪೀಸ್ ಕೊಟ್ಟೆ. ನೆಲದ ಮೇಲೆ ಒಂದು ಚೌಕ ಬರೆದಳು. ಬಲಕ್ಕೊಂದು, ಕೆಳಗೊಂದು ಜೋಡಿಸಿದಳು. ಆಮೇಲೆ ಆ ಎರಡರ ನಡುವೆ ಬೆರಳಿಟ್ಟಳು.

“ಮೂಲಿ ಖಾಲಿ ಉಳೀತಲ್ರಿ ಅಕ್ಕೋರ. ನಾಕ ಆಗಬೇಕ್ರಿ.”

ನಾನು ಕಲಿಸಬೇಕಿದ್ದುದೇ ಅದು. x ಬದಿಯ ಚೌಕದ ಎರಡು ಕಡೆ ಸಮನಾದ ಪಟ್ಟಿ ಸೇರಿಸಿ, ಉಳಿದ ಮೂಲೆಯನ್ನು ತುಂಬುವುದಕ್ಕೆ ‘ವರ್ಗ ಪೂರ್ಣಗೊಳಿಸುವ ವಿಧಾನ’ ಎನ್ನುತ್ತೇವೆ. “ನಾಳೆ ಇದನ್ನ ನೀನ ಬೋರ್ಡಿನ ಮ್ಯಾಲೆ ತೋರಸು,” ಎಂದೆ.

ಮರುದಿನ ಅವಳು ತರಗತಿಯಲ್ಲಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರನ್ನು ಮುಖ್ಯೋಪಾಧ್ಯಾಯರು ಬೇರೆ ಕೋಣೆಗೆ ಕಳಿಸಿದ್ದರು. ಅಲ್ಲಿ ನಡೆಯುತ್ತಿದ್ದುದು ‘ಪಾಸಿಂಗ್ ಪ್ಯಾಕೇಜ್’: ಬಂದೇ ಬರುವ ಪ್ರಶ್ನೆಗಳ ಬಾಯಿಪಾಠ. ಏಕೆ ಎಂದು ಕೇಳಲು ಅಲ್ಲಿ ಸಮಯವಿರಲಿಲ್ಲ.

“ಅಕಿನ್ನ ನನ್ನ ಕ್ಲಾಸಿಗೆ ಕಳಸ್ರಿ ಸರ್. ಅಕಿಗೆ ಸೈನ್ಸ್ ತಗೋಬೇಕಾಗೇತಿ.”

“ಮೇಡಮ್ಮಾರ, ನೀವು ಮೂಲಿ ತುಂಬೂದ್ರಾಗ ನನ್ನ ರಿಸಲ್ಟಿಗೆ ತೂತ ಬೀಳ್ತೈತಿ. ನೋಟಿಸ್ ಬರೂದು ನನಗ.”

ಅವರು ಕೆಟ್ಟವರಲ್ಲ. ಶೇಕಡಾವಾರು ಫಲಿತಾಂಶದ ಒತ್ತಡ ಮೇಲಿನಿಂದ ಇಳಿಯುತ್ತ ಬಂದು ಕೊನೆಗೆ ಒಬ್ಬ ಹುಡುಗಿಯ ಮೇಲೆ ಕೂತಿತ್ತು. ಬರವಣಿಗೆಯಲ್ಲಿ ಕೇಳಿದೆ, ಶಾಲಾ ಸಮಿತಿಯ ಮುಂದೆ ವಾದಿಸಿದೆ. ಸೋತೆ.

ರೇಖಾ ಪಾಸಾದಳು. ಶಾಲೆಯಲ್ಲಿ ಪೇಢೆ ಹಂಚಿದರು. ವಿಜ್ಞಾನಕ್ಕೆ ಆ ಅಂಕ ಸಾಲಲಿಲ್ಲ.

ಅಷ್ಟರಲ್ಲಿ ನನಗೆ ಬಾದಾಮಿಗೆ ವರ್ಗವಾಗಿತ್ತು. ಒಂದು ದಿನ ಕೆಲಸದ ಮೇಲೆ ಇಳಕಲ್ಲಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ರೇಖಾ ಸಿಕ್ಕಳು.

“ಆರ್ಟ್ಸ್ ಕೊಟ್ಟಾರ್ರಿ ಅಕ್ಕೋರ.” ಆಮೇಲೆ ಕೇಳಿದಳು, “ಅವತ್ತಿನ ಪಾಠ ಮುಂದ ಹೆಂಗ ಮಾಡಿದ್ರಿ?”

ಅಂಗೈ ಮೇಲೆ ಬೆರಳಿನಿಂದ ಚೌಕ ಎಳೆಯತೊಡಗಿದೆ. ಬಸ್ಸು ಬಂತು. “ಹತ್ರಿ, ಸೀಟ್ ಸಿಗೂದಿಲ್ಲ,” ಎಂದು ಅವಳೇ ನನ್ನ ಚೀಲ ಎತ್ತಿಕೊಟ್ಟಳು.

ಮಗು ಹೇಗೆ ಯೋಚಿಸೀತೆಂದು ಊಹಿಸುವುದನ್ನು ನನಗೆ ತರಬೇತಿ ಕಲಿಸಿತು. ಊಹೆ ಮೀರಿ ಯೋಚಿಸಿದ ಮಗುವಿಗೆ ಮರುದಿನವೂ ಅದೇ ತರಗತಿಯಲ್ಲಿ ಜಾಗ ಉಳಿಸಿಕೊಡುವುದು ಕೂಡ ಗಣಿತ ಶಿಕ್ಷಕರ ಕೆಲಸ ಎಂಬುದನ್ನು ಈ ವೃತ್ತಿ ಕಲಿಸಿತು. ಬಾದಾಮಿಯಲ್ಲಿ ಪ್ರತಿವರ್ಷ ಆ ಪಾಠ ಮಾಡುವ ದಿನ, ಅವಳೂ ಇಲ್ಲಿ ಕೂತಿದ್ದರೆ ಎಂದು ಆಸೆಯಾಗುತ್ತದೆ.