ಟಾಕಿ ಲೆಕ್ಕದ ನೀಲಕ್ಕ

ಮೇ ತಿಂಗಳ ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬೇವಿನ ಮರ ಮಾತ್ರ ತೊಟ್ಟಿಕ್ಕುತ್ತ ನಿಂತಿರುತ್ತಿತ್ತು. ಅದರ ಬುಡದಲ್ಲಿ ಬೆನ್ನಿಗೆ ಔಷಧ ಹೊಡೆಯುವ ಪಂಪು ಹೊತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗೆಟುಕುವ ಎಲೆಗೆಲ್ಲ ಬರೀ ನೀರು ಸಿಂಪಡಿಸುತ್ತ ನಿಂತವಳು ನೀಲಕ್ಕ. ಓಣಿಗೆ ಹೊಸದಾಗಿ ಬಂದವರು ಅವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಕೆಟ್ಟಿರಲಿಲ್ಲ. ಅವಳು ಬ್ಯಾಟರಿ ಅಳೆಯುತ್ತಿದ್ದಳು.

ನೀಲಕ್ಕನದು ಪಂಪು ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ಅಂಗಡಿ. ಗಂಡ ನಡೆಸುತ್ತಿದ್ದದ್ದು, ಅವನು ತೀರಿಕೊಂಡ ಮೇಲೆ ಮುಚ್ಚುತ್ತಾಳೆ ಎಂದು ಎಲ್ಲರೂ ಕಾದರು, ಅವಳು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದಳು. ದನಿ ದೊಡ್ಡದು. ಗಿರಾಕಿ ಇನ್ನೂ ರಸ್ತೆಯ ಆಚೆಗಿದ್ದಾಗಲೇ ಬೈಗುಳ ಅವನನ್ನು ಮುಟ್ಟುತ್ತಿತ್ತು: "ಬಂದಾನ ನೋಡು, ಪಂಪಿನ್ಯಾಗ ಮಣ್ಣು ತುಂಬಿಸಿಕೊಂಡು!" ಬೈಸಿಕೊಂಡವರೂ ಮತ್ತೆ ಅವಳಲ್ಲಿಗೇ ಬರುತ್ತಿದ್ದರು. ಏಕೆಂದರೆ ನೀಲಕ್ಕ ಪಂಪು ಕೊಡುವಾಗ ಒಂದು ಮಾತು ಹೇಳುತ್ತಿದ್ದಳು. "ಇದು ಹತ್ತು ಟಾಕಿ", "ಇದು ಎಂಟು ಟಾಕಿ, ಒಂಬತ್ತನೇದು ಹೊಡಿಯಾಕ ಹೋಗಬ್ಯಾಡ." ಒಂದು ಸಲ ಚಾರ್ಜ್ ಮಾಡಿದರೆ ಆ ಪಂಪು ಎಷ್ಟು ಸಲ ತುಂಬಿದ ಟ್ಯಾಂಕನ್ನು ಖಾಲಿ ಮಾಡುತ್ತದೆ ಎಂಬ ಲೆಕ್ಕ ಅದು. ಆ ಮಾತು ಸುಳ್ಳಾಗುತ್ತಿರಲಿಲ್ಲ.

ನನಗೆ ಅವಳ ಪರಿಚಯವಾದದ್ದು ಅವ್ವನಿಂದ. ನಮ್ಮ ದೇವಾಪುರದ ಗಂಡಸರು ದುಡಿಯಲು ಮುಂಬೈ, ಬೆಂಗಳೂರು ಹಿಡಿದ ಮೇಲೆ ಹತ್ತಿ ಹೊಲಕ್ಕೆ ಔಷಧ ಹೊಡೆಯುವ ಕೆಲಸವೂ ಹೆಂಗಸರ ಬೆನ್ನಿಗೆ ಬಂತು. ಅವ್ವ ಆ ಹೆಂಗಸರ ತಂಡದ ಮುಂದಾಳು. ಕೂಲಿ ದಿನಕ್ಕಲ್ಲ, ಟಾಕಿಗೆ. ನಡು ಹೊಲದಲ್ಲಿ ಬ್ಯಾಟರಿ ಕುಂತರೆ ಅವತ್ತಿನ ಕೂಲಿಯೂ ಕುಂತಂತೆ. ಜೂನ್ ಮೊದಲಿಗೆ ಮಿರಗದ ಮಳೆ ಬರುವುದಕ್ಕೆ ಮುಂಚೆಯೇ ಅವ್ವ ಹೊಲದವರಿಗೆ ಮಾತು ಕೊಡಬೇಕು: ನಮ್ಮಲ್ಲಿ ಇಷ್ಟು ಪಂಪು, ದಿನಕ್ಕೆ ಇಷ್ಟು ಟಾಕಿ. ಮಾತು ತಪ್ಪಿದರೆ ಹೊಲದವರು ಬೇರೆ ತಂಡ ಕರೆಯುತ್ತಾರೆ, ಆ ವರ್ಷ ಮುಗಿಯಿತು. ನನ್ನ ಬಿಎಸ್ಸಿ ಆದದ್ದು ಆ ಟಾಕಿಗಳಿಂದ. ಹೀಗಾಗಿ ನೀಲಕ್ಕನ ಬಾಯಿಂದ ಬರುವ ಅಂಕಿ ನಮ್ಮ ಮನೆಯಲ್ಲಿ ಪಂಚಾಂಗದಷ್ಟೇ ದೊಡ್ಡದು.

ಅವಳು ಅಂಕಿಯನ್ನು ಬಾಯಲ್ಲಷ್ಟೇ ಹೇಳುತ್ತಿರಲಿಲ್ಲ. ತಂಡದ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲವಾದ್ದರಿಂದ ಪಂಪಿನ ಬೆನ್ನ ಮೇಲೆ ಕೆಂಪು ಉಗುರುಬಣ್ಣದ ಚುಕ್ಕಿ ಇಡುತ್ತಿದ್ದಳು. ಎಷ್ಟು ಚುಕ್ಕಿಯೋ ಅಷ್ಟು ಟಾಕಿ. ವರ್ಷ ಕಳೆದು ಬ್ಯಾಟರಿ ಸೊರಗಿದರೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದು ಚುಕ್ಕಿ ಅಳಿಸುತ್ತಿದ್ದಳು. ಒಮ್ಮೆ ಒಬ್ಬಾಕೆ, "ಇರ್ಲಿ ಬಿಡ ಯಕ್ಕಾ, ನೋಡಾಕ ಚಂದ ಅದ" ಅಂದದ್ದಕ್ಕೆ ನೀಲಕ್ಕ ಹೇಳಿದ್ದು ನನಗೆ ನೆನಪಿದೆ: "ವಯಸ್ಸಾದ್ರ ಬ್ಯಾಟರೀದು ತಪ್ಪಲ್ಲ ಯವ್ವಾ. ವಯಸ್ಸು ಮುಚ್ಚಿಟ್ರ ಅದು ನಂದು ತಪ್ಪು."

ಹೀಗೆ ನಡೆದಿದ್ದ ಲೆಕ್ಕಕ್ಕೆ ಒಂದು ಬೇಸಿಗೆಯಲ್ಲಿ ತಡೆ ಬಂತು. ಬೋರು ಬತ್ತಿತು. ಅಂಗಡಿಯ ಜಾಗ ಬಾಡಿಗೆಗೆ ಕೊಟ್ಟಿದ್ದ ಹಣಮಂತಪ್ಪ ಬಂದು ಬೇವಿನ ಮರದ ಕೆಳಗೆ ನಿಂತ.

"ಏ ನೀಲವ್ವ, ಜನಕ್ಕ ಕುಡಿಯಾಕ ನೀರಿಲ್ಲ. ನೀ ಗಿಡಕ್ಕ ಜಳಕಾ ಮಾಡಸಾಕತ್ತೀದಿ."

"ಗಿಡಕ್ಕಲ್ರಿ, ಬ್ಯಾಟರಿಗಿ ಪರೀಕ್ಷಾ."

"ಪರೀಕ್ಷಾ ಇದ್ರ ಸಾಲ್ಯಾಗ ಮಾಡು. ನಾಳಿಂದ ನಳ ಬಂದ್."

ಅದೇ ವರ್ಷ ಹಳೆಯ ಭಾರದ ಬ್ಯಾಟರಿಗಳನ್ನು ತೆಗೆದು ಅವಳು ಹಗುರವಾದ ಲಿಥಿಯಂ ಬ್ಯಾಟರಿ ಹಾಕಿಸಿದ್ದಳು. ಕೆಲವು ಹೊಸವು, ಕೆಲವು ಬಳಸಿದವು. ಮೇಲೆ ಬರೆದ ಅಂಕಿ ಎಲ್ಲದರ ಮೇಲೂ ದೊಡ್ಡದೇ. ಯಾವುದು ಎಷ್ಟು ಟಾಕಿ ಎಂದು ತಿಳಿಯದೆ ಚುಕ್ಕಿ ಇಡುವಂತಿಲ್ಲ. ಚುಕ್ಕಿ ಇಲ್ಲದೆ ಅವ್ವ ಮಾತು ಕೊಡುವಂತಿಲ್ಲ. ನಾನು ಆಗ ಯಾದಗಿರಿಯ ಒಂದು ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನೀಲಕ್ಕ ಫೋನು ಮಾಡಿದಳು. "ಡಿಗ್ರೀ, ನೀರಿಲ್ದ ಅಳಿಯೋ ಮಷಿನ್ ಬೇಕು. ನಾ ನಾಳಿ ಬರಾಕತ್ತೇನಿ." ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಮಾರುವ ಒಂದು ಅಂಗಡಿಗೆ ಕರೆದೊಯ್ದೆ. ಅವಳು ಕೈಚೀಲದಲ್ಲಿ ಎರಡು ಬ್ಯಾಟರಿ ತಂದಿದ್ದಳು. ಒಂದು ಹೊಸದು, ಇನ್ನೊಂದು ಮೂರನೇ ಟಾಕಿಗೇ ಕೈಕೊಟ್ಟದ್ದು. ಎರಡನ್ನೂ ಪೂರ್ತಿ ಚಾರ್ಜ್ ಮಾಡಿದ್ದಳು. ಅಂಗಡಿಯವನು ಅಂಗೈ ಅಗಲದ ಯಂತ್ರ ತೆಗೆದ. "ಅಕ್ಕಾರ, ಇದು ಹಚ್ಚಿದ ಕೂಡ್ಲೆ ಪರ್ಸೆಂಟ್ ಹೇಳ್ತದ." ಹಚ್ಚಿದ. ಎರಡಕ್ಕೂ ನೂರು.

"ತಮ್ಮಾ, ಇದರಾಗ ಒಂದು ಸತ್ತದ. ನಿನ್ನ ಮಷಿನ್ನಿಗಿ ಹೆಣ ಯಾವುದಂತ ಗೊತ್ತಾಗವಲ್ದು."

"ಚಾರ್ಜ್ ಬರೋಬರಿ ಅದ ಅಲ್ರಿ."

"ಮದಿವ್ಯಾಗ ಉಂಡು ಎದ್ದ ಕೂಡ್ಲೆ ಎಲ್ಲಾರೂ ಹೊಟ್ಟಿ ತುಂಬೇದ ಅಂತಾರ. ಯಾರಿಗಿ ಸಂಜೀತನಕ ತಡೀತದ ಅನ್ನೋದು ಸಂಜಿಗೇ ಗೊತ್ತಾಗೋದು."

ಅವಳು ಹೇಳಿದ್ದು ಸರಿಯಿತ್ತು. ವೋಲ್ಟೇಜ್ ನೋಡಿ ಬ್ಯಾಟರಿ ತುಂಬಿದೆಯೇ ಎಂದು ಹೇಳಬಹುದು, ಎಷ್ಟು ಹಿಡಿಯುತ್ತದೆ ಎಂದಲ್ಲ. ಬಾವಿಯ ನೀರು ದಂಡೆಗೆ ಬಂದಿದೆ ಎಂದರೆ ಬಾವಿ ಆಳವೆಂದು ಅರ್ಥವಲ್ಲ. ಇನ್ನೊಂದು ಯಂತ್ರ ಕರೆಂಟಿಗೆ ಬ್ಯಾಟರಿಯ ಒಳಗೇ ಎಷ್ಟು ತಡೆ ಇದೆ ಎಂದು ತೋರಿಸುತ್ತಿತ್ತು. ಅದರಿಂದ ವಯಸ್ಸು ಅಂದಾಜಾಗುತ್ತದೆ, ಟಾಕಿ ಲೆಕ್ಕ ಸಿಗುವುದಿಲ್ಲ ಎಂದು ನಾನು ಬೇಡವೆಂದೆ. ಮೂರನೆಯದು ಬ್ಯಾಟರಿಯನ್ನು ನಿಜವಾಗಿಯೂ ಖಾಲಿ ಮಾಡಿ ಅಳೆಯುವುದು, ಆದರೆ ಎಳೆಯುವ ಕರೆಂಟು ತೀರ ಸಣ್ಣದು. ನೀಲಕ್ಕ, ಪಂಪು ಇದಕ್ಕಿಂತ ಎಷ್ಟು ಪಟ್ಟು ಎಳೆಯುತ್ತದೆ ಎಂದು ನನ್ನನ್ನು ಕೇಳಿದಳು. ಹೇಳಿದೆ. ಯಂತ್ರವನ್ನು ಹಿಂದಕ್ಕೆ ತಳ್ಳಿದಳು. "ನೆರಳಾಗ ಕುಂತು ಕೂಲಿ ಮಾಡಿದ್ರ ಯಾವ ಮುದುಕನೂ ದಣಿಯಂಗಿಲ್ಲ. ಪಂಪು ದುಡಿಸಿದಂಗ ದುಡಿಸೋದು ಕೊಡು."

ಕೊನೆಗೆ ಒಳಗಿನಿಂದ ಬಂದದ್ದು ಇಟ್ಟಿಗೆಯಷ್ಟು ದೊಡ್ಡದು, ಹಿಂದೆ ಫ್ಯಾನು. ಎಷ್ಟು ಕರೆಂಟು ಎಳೆಯಬೇಕೆಂದು ನಾವೇ ಹೇಳಬಹುದು, ಎಲ್ಲಿ ನಿಲ್ಲಬೇಕೆಂದೂ ಹೇಳಬಹುದು. ಆ ನಿಲ್ಲುವುದರ ಮೇಲೆ ನಾನು ಹಟ ಹಿಡಿದೆ. ಕರುವಿಗೆ ಬಿಡದೆ ಹಿಂಡಿದಂತೆ ಕೊನೆಯ ಹನಿಯವರೆಗೂ ಎಳೆದರೆ ಲಿಥಿಯಂ ಬ್ಯಾಟರಿ ಮತ್ತೆ ಏಳುವುದಿಲ್ಲ. ಅಂಗಡಿಯವನು ನನ್ನತ್ತ ನೋಡಿದ. ನೀಲಕ್ಕ ಅದಕ್ಕೇ ಕಾದಿದ್ದಳು. "ಏನ್ ನೋಡ್ತೀ? ಈಕಿ ಬಿಎಸ್ಸಿ ಮಾಡ್ಯಾಳ. ಇವರ ಮನಿತನದಾಗ ಸಾಲಿ ಮೆಟ್ಟಲಾ ಹತ್ತಿದಕಿ ಈಕಿನಽ ಮೊದಲು." ನನಗೆ ನಾಚಿಕೆಯಾಗಲಿಲ್ಲ. ದೇವಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಪಡೆದದ್ದು, ಹೇಳುವವರು ಹೇಳಲಿ.

ಆ ಯಂತ್ರವನ್ನೇ ಕೊಂಡು ಶಹಾಪುರಕ್ಕೆ ಬಂದೆವು. ಮೊದಲು ಒಂದು ಒಳ್ಳೆಯ ಬ್ಯಾಟರಿಯನ್ನು ಹಳೆಯ ರೀತಿಯಲ್ಲಿ, ಕೊಡದಲ್ಲಿ ಕೂಡಿಟ್ಟ ನೀರಿನಿಂದ, ಬೇವಿನ ಮರಕ್ಕೆ ಹೊಡೆದು ಟಾಕಿ ಎಣಿಸಿದೆವು. ಮತ್ತೆ ಚಾರ್ಜ್ ಮಾಡಿ ಯಂತ್ರಕ್ಕೆ ಹಚ್ಚಿದೆವು. ಯಂತ್ರದ ಇಷ್ಟು ಅಂಕಿಗೆ ಇಷ್ಟು ಟಾಕಿ ಎಂದು ಹೊಂದಿಸಿ ಕೊಟ್ಟು ನಾನು ಯಾದಗಿರಿಗೆ ಮರಳಿದೆ.

ವಾರದೊಳಗೆ ಅವ್ವನ ಫೋನು. ದನಿ ಬಿದ್ದುಹೋಗಿತ್ತು. ಯಂತ್ರ ಒಂದೊಂದೇ ಬ್ಯಾಟರಿಯನ್ನು ಬೇಕಾರ್ ಮಾಡುತ್ತಿದೆಯಂತೆ. ಎಲ್ಲದಕ್ಕೂ ಮೂರು ಟಾಕಿ, ನಾಲ್ಕು ಟಾಕಿ. "ಈ ವರ್ಷ ನಿಮಗ ಪಂಪು ಕೊಡಾಕ ಆಗಂಗಿಲ್ಲ" ಎಂದು ನೀಲಕ್ಕ ಹೇಳಿಬಿಟ್ಟಿದ್ದಳು. ಹೊಲದವರು ಮಾತಿಗೆ ಕಾಯುತ್ತಿದ್ದರು. ತಂಡದ ಹೆಂಗಸರು ಸುರಪುರದ ಕಡೆ ಬೇರೆ ಕೆಲಸ ಹುಡುಕುವ ಮಾತಾಡುತ್ತಿದ್ದರು.

ನಾನು ಶಹಾಪುರಕ್ಕೆ ಹೋದಾಗ ಅವ್ವ ಆಗಲೇ ಅಂಗಡಿಯಲ್ಲಿದ್ದಳು. ಇಬ್ಬರೂ ಮುಖ ತಿರುಗಿಸಿ ಕುಳಿತಿದ್ದರು.

"ನೀಲೀ, ಮಷಿನ್ ಬರೂಕಿಂತ ಮೊದಲ ಬ್ಯಾಟರಿ ಚಲೋ ಇದ್ವು," ಅವ್ವ ಗೋಡೆಗೆ ಹೇಳಿದಳು. "ಮಷಿನ್ ಬಂತು, ಎಲ್ಲಾ ಕೆಟ್ವು. ಹಂಗಾರ ಕೆಟ್ಟಿದ್ದ್ಯಾವುದು?"

"ಅದು ಸುಳ್ಳು ಹೇಳಂಗಿಲ್ಲಬೇ. ನಿನ್ನ ಮಗಳೇ ಆರಿಸಿ ಕೊಟ್ಟದ್ದು."

ಯಂತ್ರ ಎಲ್ಲಿ ಎಂದೆ. ನೀಲಕ್ಕ ಮೂಲೆ ತೋರಿಸಿದಳು. ನೀರಿನ ಗಡಿಗೆಯ ಪಕ್ಕದಲ್ಲಿ, ಗಡಿಗೆಗೆ ಸುತ್ತಿದಂತೆಯೇ ಅಂಚು ಮಡಚಿ, ಹಿಂಡಿದ ಒದ್ದೆ ಟವೆಲ್ಲು ಹೊದ್ದು ಯಂತ್ರ ಕುಳಿತಿತ್ತು. "ಭಾಳ ಬಿಸಿಯುಸಿರು ಬಿಡಾಕತ್ತಿತ್ತು. ಪಾಪ, ಧಗಿ ಆಗೇದ ಅಂತ ಹೊಚ್ಚಿದೆ. ತಾಸಿಗೊಮ್ಮೆ ತೋಯಿಸಾಕತ್ತೀನಿ."

ಬ್ಯಾಟರಿಯಿಂದ ಎಳೆದದ್ದನ್ನೆಲ್ಲ ಆ ಯಂತ್ರ ಬಿಸಿಯಾಗಿಸಿ ಫ್ಯಾನಿನಿಂದ ಹೊರಗೆ ಊದಬೇಕು. ಟವೆಲ್ಲು ಫ್ಯಾನಿನ ಬಾಯಿ ಮುಚ್ಚಿತ್ತು. ಕಾದು ಕಾದು ಅದು ನಡುವೆಯೇ ನಿಂತುಬಿಡುತ್ತಿತ್ತು. ನಿಂತಲ್ಲಿಯ ಅಂಕಿಯನ್ನೇ ನೀಲಕ್ಕ ಪೂರ್ತಿ ಅಂಕಿ ಎಂದುಕೊಂಡಿದ್ದಳು. ನಾನು ಟವೆಲ್ಲು ತೆಗೆದು ವಿವರಿಸಿದೆ. ಅವಳು ಟವೆಲ್ಲನ್ನು ಝಾಡಿಸಿ ತನ್ನ ತಲೆಯ ಮೇಲೆ ಹಾಕಿಕೊಂಡಳು. "ಧಗಿ ನನಗಾಗಿತ್ತು," ಎಂದಳು. ಮೊದಲು ನಕ್ಕದ್ದು ಅವ್ವ.

ಮತ್ತೆ ಎಲ್ಲವನ್ನೂ ಹಚ್ಚಿದಳು. ಎರಡು ನಿಜವಾಗಿಯೂ ಸತ್ತಿದ್ದವು, ಉಳಿದವು ಗಟ್ಟಿ. ಅಂಗಡಿ ಮುಚ್ಚಿ, ಪಂಪುಗಳನ್ನೂ ಹೇರಿಸಿಕೊಂಡು ದೇವಾಪುರದ ಬಸ್ಸು ಹತ್ತಿದಳು. ನಮ್ಮ ಕಟ್ಟೆಯ ಮುಂದೆ ತಂಡದ ಹೆಂಗಸರನ್ನೆಲ್ಲ ಕೂಡಿಸಿ, ಬಸ್ ನಿಲ್ದಾಣಕ್ಕೆ ಕೇಳುವ ಅದೇ ದನಿಯಲ್ಲಿ ಹೇಳಿದಳು: "ಬ್ಯಾಟರೀದು ತಪ್ಪಿಲ್ಲ. ಮಷಿನ್ನಿಂದು ತಪ್ಪಿಲ್ಲ. ಟವೆಲ್ ಹೊಚ್ಚಿದಕಿ ನಾನು. ಇವತ್ತ ಚುಕ್ಕಿ ಇಡ್ತೀನಿ, ಎಣಿಸಿಕೊಳ್ರಿ." ಕಟ್ಟೆಯ ಮೇಲೆ ಕುಳಿತು ಒಂದೊಂದೇ ಪಂಪಿಗೆ ಚುಕ್ಕಿ ಇಟ್ಟಳು. ಅವ್ವನ ಪಂಪಿಗೆ ಹನ್ನೆರಡು. ಆ ಸಂಜೆಯೇ ಅವ್ವ ಹೊಲದವರಿಗೆ ಮಾತು ಕೊಟ್ಟಳು. ಆ ವರ್ಷ ಯಾವ ಪಂಪೂ ನಡು ಹೊಲದಲ್ಲಿ ಕೂರಲಿಲ್ಲ.

ಯಂತ್ರ ಬಂದ ಮೇಲೂ ನೀಲಕ್ಕ ಬೇವಿನ ಮರಕ್ಕೆ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದಳು. "ಅದಕ್ಕ ರೂಢಿ ಬಿದ್ದದ," ಎನ್ನುತ್ತಿದ್ದಳು. ನಾನು ಕೊನೆಯ ಸಲ ಕಂಡಾಗಲೂ ಅದೇ ಮರದ ಕೆಳಗೆ ಯಾರಿಗೋ ಬೈಯುತ್ತಿದ್ದಳು; ನನಗೆ ಕೈಯೆತ್ತಿ, ಬೈಗುಳ ನಿಲ್ಲಿಸದೆ, ಬಸ್ಸಿಗೆ ಹೊತ್ತಾಯಿತು ಹೋಗು ಎಂದು ಸನ್ನೆ ಮಾಡಿದಳು. ಹೋದ ಚಳಿಗಾಲದಲ್ಲಿ ಎದೆನೋವೆಂದು ಕಲಬುರಗಿಗೆ ಕರೆದೊಯ್ದರು. ಮರಳಿ ಬರಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಪಂಪುಗಳನ್ನು ಅವಳ ಮಗಳು ನಮ್ಮ ತಂಡಕ್ಕೇ ಬಿಟ್ಟುಕೊಟ್ಟಳು. ಯಂತ್ರ ನನ್ನ ಕೈಗೆ ಬಂತು.

ಈ ವರ್ಷ ಮಿರಗಕ್ಕೆ ಮುಂಚೆ ನಾನೇ ಊರಿಗೆ ಹೋಗಿ ಪಂಪುಗಳನ್ನು ಹಚ್ಚಿ ನೋಡಿದೆ. ಅವ್ವನ ಪಂಪು ಹತ್ತಕ್ಕೆ ಇಳಿದಿತ್ತು. ನಾನು ಥಿನ್ನರ್ ಬಾಟಲಿ ತೆಗೆದೆ.

"ಇರ್ಲಿ ಬಿಡು," ಎಂದಳು ಅವ್ವ. "ಅಕಿ ಇಟ್ಟದ್ದು."

"ಹೊಲದವರಿಗಿ ಹನ್ನೆರಡು ಅಂತ ಹೇಳ್ತೀಯೇನು?"

ಅವ್ವ ಪಂಪನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ತಾನೇ ಉಜ್ಜಿದಳು, ಒಂದು, ಆಮೇಲೆ ಇನ್ನೊಂದು. ಅಳಿಸಿದ ಜಾಗದಲ್ಲಿ ಪ್ಲಾಸ್ಟಿಕ್ಕು ಸುತ್ತಲಿಗಿಂತ ಬೆಳ್ಳಗೆ ಕಂಡಿತು. ಉಳಿದ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದಳು.

"ಹತ್ತು," ಎಂದು ಹೇಳಿ ಪಂಪನ್ನು ಬೆನ್ನಿಗೇರಿಸಿದಳು.