ಚಲನೆಯನ್ನು ಶಂಕಿಸಿದವರು

ಪರದೆಯ ಮೇಲೆ ಅಕ್ಷರ, ಗೆರೆ, ಆಕಾರಗಳಿಗೆ ಚಲನೆ ಕೊಡುವ ಕಲೆಯನ್ನು ಇಂದು ಶಾಲೆಯ ಮಕ್ಕಳೂ ಮೋಷನ್ ಗ್ರಾಫಿಕ್ಸ್ ಎಂದು ಗುರುತಿಸುತ್ತಾರೆ. ಅದಕ್ಕೊಂದು ಹೆಸರೂ ಇಲ್ಲದಿದ್ದ ಕಾಲದಲ್ಲಿ, ಗಾಜಿನ ಮೇಲೆ ಬಣ್ಣದ ಕಾಗದದ ಚೂರುಗಳನ್ನಿಟ್ಟು, ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆದು ಈ ಕೆಲಸವನ್ನು ಆರಂಭಿಸಿದ ಕೆಲವೇ ಮಂದಿಯಲ್ಲಿ ನಮ್ಮ ಮೇಷ್ಟ್ರು ಒಬ್ಬರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ನಾವು ದುಡಿದ ಸ್ಟುಡಿಯೋದ ಮುಖ್ಯಸ್ಥರು. ಎದುರಿಗೆ ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದೆವು. ಬೆನ್ನ ಹಿಂದೆ ಅವರ ಹೆಸರು ‘ಯಾಕೆ ಸರ್’. ಪರದೆಯ ಮೇಲೆ ಏನೇ ಅಲುಗಾಡಿದರೂ ಅವರ ಮೊದಲ ಪ್ರಶ್ನೆ ಅದೇ ಆಗಿತ್ತು. ಚಲನೆಯನ್ನೇ ಕಸುಬಾಗಿಸಿಕೊಂಡವರೊಬ್ಬರು ಚಲನೆಯನ್ನು ಇಷ್ಟು ಅನುಮಾನದಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟಕ್ಕೆ ಲೇಖನ ಬೇಕೆಂದು ಸಂಪಾದಕರು ಫೋನ್ ಮಾಡಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೃತಜ್ಞತೆ ಎದ್ದು ಕಾಣುವಂತೆ ಬರೆಯಿರಿ ಎಂದರು. ಕೃತಜ್ಞತೆ ಇದೆ. ಆದರೆ ಅದಕ್ಕೂ ಮೊದಲು ಅನುಮಾನವಿತ್ತು, ಬಹುಕಾಲ ಇತ್ತು; ಅದನ್ನು ಬಿಟ್ಟು ಬರೆದರೆ ಮೊದಲು ‘ಯಾಕೆ’ ಎನ್ನುವವರು ಮೇಷ್ಟ್ರೇ.

ಮಗು ಹುಟ್ಟಿದ ಮೇಲೆ ಮನೆಯಲ್ಲೇ ಉಳಿದು, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರಿಟ್ಟು ಈ ಕೆಲಸವನ್ನು ನಾನಾಗಿ ಕಲಿತವಳು ನಾನು. ಹೋದ ಕಡೆಯಲ್ಲೆಲ್ಲ ಮಗುವಿನ ಪ್ರಸ್ತಾಪ ಬರುತ್ತಿದ್ದಂತೆ ಸಂದರ್ಶನ ಮುಗಿಯುತ್ತಿತ್ತು. ಮೇಷ್ಟ್ರು ನನ್ನ ಕೆಲಸದ ತುಣುಕುಗಳನ್ನು ನೋಡಿ, ಮುಖದಲ್ಲಿ ಏನೂ ತೋರಿಸದೆ, “ಮನೇಲಿ ಮಗು ಇದೆಯಾ?” ಎಂದರು.

“ಇದೆ ಸರ್. ಈಗ ಎರಡು ವರ್ಷ.”

“ಸೋಮವಾರದಿಂದ ಬನ್ನಿ.”

ಸಂತೋಷಪಡಬೇಕಾದ ಮಾತು. ಆದರೆ ಬಸ್ಸಿನಲ್ಲಿ ಬರುತ್ತ ಬರುತ್ತ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ನಮ್ಮತ್ತೆಗಂತೂ ಅದು ಖಚಿತವೇ ಆಗಿತ್ತು. “ಮಗು ಇರೋಳು ಎಲ್ಲೂ ಓಡಿಹೋಗಲ್ಲ, ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾಳೆ ಅಂತ ಕೆಲಸಕ್ಕೆ ತಗೊಂಡಿರ್ತಾರೆ ಕಣಮ್ಮ. ಹುಷಾರಾಗಿರು.”

ಹುಷಾರಾಗಿಯೇ ಇದ್ದೆ. ನನ್ನ ಕುರ್ಚಿಯನ್ನು ಮೇಷ್ಟ್ರು ಬಾಗಿಲ ಪಕ್ಕದಲ್ಲಿ ಹಾಕಿಸಿದರು. ಯಾವಾಗ ಎದ್ದು ಹೋಗುತ್ತೇನೆಂದು ಕಣ್ಣಿಡಲು ಎಂದುಕೊಂಡೆ. ಅಲ್ಲಿಂದ ಎದ್ದು ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅರ್ಥವಾಗಲು ಬಹಳ ದಿನ ಹಿಡಿಯಿತು. ನನ್ನ ಪಕ್ಕದಲ್ಲಿದ್ದವರು ಶಬ್ದ ಜೋಡಿಸುವ ಕೆಲಸದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ನನ್ನ ಅನುಮಾನಗಳಿಗೆ ನೀರು ಗೊಬ್ಬರ ಹಾಕಿ ಬೆಳೆಸಿದವರು ಅವರೇ. “ಅಕ್ಕ, ಇಲ್ಲಿಂದ ಹೋಗೋ ಚಿತ್ರದ ಮೇಲೆ ಯಾರ ಹೆಸರಾದ್ರೂ ನೋಡಿದೀರಾ? ಸ್ಟುಡಿಯೋ ಹೆಸರು ಮಾತ್ರ. ಸ್ಟುಡಿಯೋ ಅಂದ್ರೆ ಯಾರು? ಅವರು. ಬೆವರು ನಮ್ದು, ಹೆಸರು ಅವರದ್ದು.”

ನನ್ನ ಮೊದಲ ಕೆಲಸ ನೀರು ಸರಬರಾಜಿನ ಒಂದು ಪ್ರಕಟಣೆ. ನನಗೆ ಬರುವ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದಿದ್ದೆ. ಅಕ್ಷರಗಳು ಪುಟಿಯುತ್ತಿದ್ದವು, ತಿರುಗುತ್ತಿದ್ದವು, ಸಾಲುಗಟ್ಟಿ ಬಳುಕುತ್ತಿದ್ದವು. ಮೇಷ್ಟ್ರು ಎರಡು ಸಲ ನೋಡಿದರು.

“ನಾಳೆ ನೀರು ಬರಲ್ಲ ಅಂತ ಹೇಳ್ತಿದೀವಿ ಅಲ್ವಾ? ಅಕ್ಷರಗಳಿಗೆ ಯಾಕೆ ಇಷ್ಟು ಖುಷಿ?”

ಕೋಣೆಯೆಲ್ಲ ನಕ್ಕಿತು. ನನಗೆ ಅಳು ಬಂತು. ಆಮೇಲೆ ಅವರು ಹತ್ತಿರ ಬಂದು ಕುಳಿತು ತೋರಿಸಿದರು. ಆಕಾರವೊಂದು ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ನಾವು ಗುರುತು ಹಾಕುತ್ತೇವೆ. ನಡುವಿನ ದಾರಿಯನ್ನು ಕಂಪ್ಯೂಟರ್ ತುಂಬುತ್ತದೆ. ಹೇಗೆ ತುಂಬಬೇಕೆಂಬುದಕ್ಕೆ ಸಿದ್ಧ ಗುಂಡಿಯೊಂದಿದೆ, ಎಲ್ಲರೂ ಅದನ್ನೇ ಒತ್ತುತ್ತಾರೆ. “ಹೊರಡೋ ಜಾಗ, ನಿಲ್ಲೋ ಜಾಗ ಯಾರು ಬೇಕಾದ್ರೂ ಹಾಕ್ತಾರೆ. ಮಧ್ಯದ್ದು ನಿಮ್ದಾಗಿರ್ಬೇಕು.” ಮಾತು ಚೆನ್ನಾಗಿತ್ತು. ಆದರೆ ಅಂಥದೊಂದು ನನ್ನಲ್ಲಿ ಹುಟ್ಟಿದ ದಿನ ಅದು ಯಾರದ್ದಾಗುತ್ತದೆ ಎಂಬ ಪ್ರಶ್ನೆ ಅಣ್ಣನ ದಯೆಯಿಂದ ನನ್ನ ತಲೆಯೊಳಗೆ ಆಗಲೇ ಕೂತಿತ್ತು.

ಮಗಳಿಗೆ ಜ್ವರ ಬಂದು ನಾನು ರಜೆ ಹಾಕಿದಾಗ ಸ್ಟುಡಿಯೋದ ಚಾಲಕರು ಕಂಪ್ಯೂಟರೊಂದನ್ನು ಹೊತ್ತು ಮನೆಗೆ ತಂದಿಟ್ಟರು. “ನೋಡಿದ್ಯಾ? ಮಗುಗೆ ಮೈ ಸುಡ್ತಾ ಇದ್ರೂ ಕೆಲಸ ಬಿಡಲ್ಲ ಅವರು” ಎಂದರು ಅತ್ತೆ. ತೆರೆದರೆ ಅದರಲ್ಲಿ ಕೆಲಸವೇ ಇರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. “ಮಗು ಮಲಗಿದಾಗ ಸುಮ್ನೆ ಏನಾದ್ರೂ ಮಾಡಿ ನೋಡಿ. ತೋರಿಸ್ಲೇಬೇಕು ಅಂತೇನಿಲ್ಲ” ಎಂದರು. ತೋರಿಸಬೇಡ ಎನ್ನುವ ಮೇಲಧಿಕಾರಿಯನ್ನು ಯಾರಾದರೂ ನಂಬುತ್ತಾರೆಯೇ?

ಮಗಳು ನನ್ನ ತೋಳಿನ ಮೇಲಲ್ಲದೆ ಮಲಗುತ್ತಿರಲಿಲ್ಲ. ಮಲಗಿದ ಮೇಲೆ ಅವಳ ತಲೆಯ ಕೆಳಗಿಂದ ತೋಳನ್ನು ಬಿಡಿಸಿಕೊಳ್ಳುವುದು ಒಂದು ವಿದ್ಯೆ. ಮೊದಲು ಅವಳ ಉಸಿರು ಒಂದು ಹದಕ್ಕೆ ಬರಬೇಕು. ತೋಳು ಒಂದು ಬೆರಳಗಲ ಸರಿದು ನಿಲ್ಲುತ್ತದೆ. ಅವಳು ಮಿಸುಕಿದರೆ ತುಸು ಹಿಂದಕ್ಕೆ ಹೋಗುತ್ತದೆ, ಕಾಯುತ್ತದೆ, ಮತ್ತೆ ಸರಿಯುತ್ತದೆ. ಒಂದು ರಾತ್ರಿ ಹಾಗೆ ತೋಳು ಬಿಡಿಸಿಕೊಂಡು ಬಂದು ಪಾತ್ರೆ ತೊಳೆಯುವ ಮೊದಲು ನಾನು ಎರಡು ವೃತ್ತಗಳನ್ನು ಬರೆದೆ, ಒಂದು ದೊಡ್ಡದು, ಒಂದು ಚಿಕ್ಕದು. ಸಿದ್ಧ ಗುಂಡಿಯನ್ನು ಮುಟ್ಟದೆ, ದೊಡ್ಡ ವೃತ್ತ ಚಿಕ್ಕದನ್ನು ಬಿಟ್ಟು ಹೋಗುವುದನ್ನು ನನ್ನ ತೋಳಿಗೆ ಗೊತ್ತಿದ್ದಂತೆ ಗುರುತು ಹಾಕಿದೆ. ಓಡಿಸಿ ನೋಡಿದಾಗ ಮೈ ಜುಮ್ಮೆಂದಿತು. ಅದನ್ನು ನಾನು ಯಾರಿಂದಲೂ ಕಲಿತಿರಲಿಲ್ಲ.

ಮರಳಿ ಹೋದ ಮೇಲೆ ತಡೆಯಲಾರದೆ ಮೇಷ್ಟ್ರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಯಾಕೆ ಎಂದು ಕೇಳಲಿಲ್ಲ. ನನಗೆ ಭಯವಾದದ್ದು ಆಗಲೇ. ಎಲ್ಲರಿಗೂ ಯಾಕೆ ಎನ್ನುವವರು ಒಂದಕ್ಕೆ ಮಾತ್ರ ಸುಮ್ಮನಾದರೆ ಅವರಿಗೆ ಅದು ಬೇಕಾಗಿದೆ ಎಂದೇ ಅರ್ಥ.

ಅದೇ ವಾರ ಆಸ್ಪತ್ರೆಯೊಂದರ ಮಕ್ಕಳ ವಿಭಾಗದ ಕೆಲಸ ಬಂತು. ಶಸ್ತ್ರಚಿಕಿತ್ಸೆಗೆ ಹೋಗುವ ಮಗುವಿಗೆ ಮುಂದೇನಾಗುತ್ತದೆಂದು ಹೆದರಿಸದೆ, ಮಾತಿಲ್ಲದೆ ತೋರಿಸಬೇಕು. ಅದನ್ನು ನನಗೇ ಕೊಟ್ಟರು. ಮಗು ನಿದ್ದೆಹೋದ ಮೇಲೆ ತಾಯಿ ಬಾಗಿಲಾಚೆ ಹೋಗುವ ಗಳಿಗೆಯೇ ಆ ಚಿತ್ರದ ಜೀವ, ಮತ್ತು ಆ ಗಳಿಗೆಯಲ್ಲಿ ತಾಯಿಯೂ ಮಗುವೂ ಆಗಿ ನನ್ನ ಎರಡು ವೃತ್ತಗಳಿದ್ದವು. ಬೇರೆ ಏನು ಹೋದರೂ ಸರಿ, ಅದೊಂದು ನನ್ನದಾಗಿಯೇ ಹೊರಗೆ ಹೋಗಬೇಕೆಂಬ ಹಟ ನನ್ನಲ್ಲಿತ್ತು.

ಆಸ್ಪತ್ರೆಯವರು ಬರುವ ದಿನ ಬೆಳಿಗ್ಗೆ ನಾವೆಲ್ಲ ದೊಡ್ಡ ಪರದೆಯಲ್ಲಿ ಚಿತ್ರವನ್ನು ಒಮ್ಮೆ ನೋಡಿದೆವು. ತಾಯಿ ಹೊರಡುವ ಜಾಗ ಬಂತು. ದೊಡ್ಡ ವೃತ್ತ ಲಿಫ್ಟಿನ ಬಾಗಿಲಿನಂತೆ ನುಣ್ಣಗೆ ಸರಿದು ಹೋಯಿತು. ಚೆನ್ನಾಗಿದೆ ಎಂದು ಯಾರೋ ಹೇಳಿದರು.

“ಇದು ನಾನು ಮಾಡಿದ್ದಲ್ಲ” ಎಂದೆ.

“ಯಾಕೆ?” ಎಂದರು ಮೇಷ್ಟ್ರು.

“ತಾಯಿ ಹೊರಗೆ ಹೋಗೋದನ್ನ ಯಾರೋ ಬದಲಾಯಿಸಿದಾರೆ ಮೇಷ್ಟ್ರೇ. ಮಗು ನಿದ್ದೆ ಹೋಗೋ ಮುಂಚೆನೇ ಎದ್ದು ಹೋಗ್ತಿದಾಳೆ.”

“ಅಷ್ಟೇನೂ ವ್ಯತ್ಯಾಸ ಕಾಣಲ್ಲ.”

“ನನಗೆ ಕಾಣತ್ತೆ. ಹೀಗೆ ಎದ್ದಿದ್ರೆ ನನ್ನ ಮಗಳು ಮನೆ ಕಿತ್ತುಹೋಗೋ ಹಾಗೆ ಕಿರುಚ್ತಿದ್ಲು.”

ಯಾರೂ ನಗಲಿಲ್ಲ. ಕೆಲಸ ಹೋಗುವುದಾದರೆ ಹೋಗಲಿ ಎಂದು ನಾನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ನಾನೇ ಬದಲಾಯಿಸಿದ್ದು. ನಿಮಗೆ ಗೊತ್ತಾಗತ್ತಾ ಅಂತ ನೋಡೋಕೆ. ಗೊತ್ತಾಯ್ತು. ಮೊದಲಿದ್ದ ಹಾಗೇ ಮಾಡಿ.”

ಹೊರಗೆ ಬಂದ ಮೇಲೆ ಅಣ್ಣ ಕಿವಿಯ ಹತ್ತಿರ ಬಂದರು. “ಪರೀಕ್ಷೆಯಂತೆ! ಸಿಕ್ಕಿಬಿದ್ದ ಕಳ್ಳ, ಬೀಗ ಗಟ್ಟಿ ಇದೆಯಾ ನೋಡ್ತಿದ್ದೆ ಅಂದ ಹಾಗಾಯ್ತು.”

ಚಿತ್ರ ನಾನು ಮಾಡಿದ ಹಾಗೆಯೇ ಹೋಯಿತು. ಕೆಲ ದಿನಗಳ ನಂತರ ಆಸ್ಪತ್ರೆಯಿಂದ ಫೋನ್ ಬಂದಾಗ ಮೇಷ್ಟ್ರು ಬಾಗಿಲ ಬಳಿಯೇ ನಿಂತು ಮಾತಾಡುತ್ತಿದ್ದರು. ಆ ಭಾಗ ಉದ್ದವಾಯಿತು ಎಂದು ಆಸ್ಪತ್ರೆಯವರು ಹೇಳಿರಬೇಕು. “ಇಲ್ಲ, ಅದು ಹಾಗೇ ಇರತ್ತೆ. ಅದನ್ನ ಮುಟ್ಟೋ ಹಾಗಿಲ್ಲ” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದರೇನೋ ಎಂದೂ ಯೋಚಿಸಿದೆ.

ಅಲ್ಲಿಂದ ಮುಂದೆ ಸ್ಟುಡಿಯೋದಲ್ಲಿ ಅದೊಂದು ಪದ್ಧತಿಯೇ ಆಯಿತು. ಹೊಸಬರ ಮೊದಲ ಸ್ವಂತ ಕೆಲಸದಲ್ಲಿ ಎಲ್ಲಾದರೂ ಒಂದು ಚಲನೆಯನ್ನು ಮೇಷ್ಟ್ರು ಗುಟ್ಟಾಗಿ ಬದಲಾಯಿಸಿ ಇಡುತ್ತಿದ್ದರು. ಕೆಲವರಿಗೆ ತಿಳಿಯುತ್ತಲೇ ಇರಲಿಲ್ಲ. ಅಂಥವರನ್ನು ಮತ್ತಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರು. ತಿಳಿದವರು ಕೆಂಡವಾಗಿ ಅವರ ಕೋಣೆಗೆ ನುಗ್ಗುತ್ತಿದ್ದರು. ಆ ಸಿಟ್ಟನ್ನು ಅವರು ಎಷ್ಟು ಪ್ರೀತಿಯಿಂದ ಕೇಳಿಸಿಕೊಳ್ಳುತ್ತಿದ್ದರೆಂದರೆ, ಬೈಯಲು ಹೋದವರು ಚಹಾ ಕುಡಿದು ಬರುತ್ತಿದ್ದರು. ನನ್ನ ಕೈಗೆ ಹೊಸಬರ ಜವಾಬ್ದಾರಿ ಬಂದ ಮೇಲೂ ಬೆಳಿಗ್ಗೆ ಬಂದೊಡನೆ ನನ್ನ ಕೆಲಸವನ್ನು ಮೊದಲಿಂದ ಓಡಿಸಿ ನೋಡುವ ಚಟ ಬಿಡಲಿಲ್ಲ.

ಈ ಲೇಖನಕ್ಕಾಗಿ ಮೊನ್ನೆ ಅವರ ಮನೆಗೆ ಹೋಗಿದ್ದೆ. ಆ ಪರೀಕ್ಷೆಯ ಬಗ್ಗೆ ಬರೆಯುತ್ತೇನೆ ಎಂದೆ.

“ಪರೀಕ್ಷೆ ಗಿರೀಕ್ಷೆ ಏನೂ ಇರ್ಲಿಲ್ಲಮ್ಮ. ನನಗದು ನಿಧಾನ ಅನ್ನಿಸ್ತು. ನೀವು ಬರೋ ಮುಂಚೆ ಸರಿಮಾಡಿದೆ. ನೀವು ಹಿಡಿದುಬಿಟ್ರಿ, ಎಲ್ಲರ ಮುಂದೆ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಯೋಚಿಸಿದ್ರೆ ಸುಳ್ಳೇ ಒಳ್ಳೆ ಪದ್ಧತಿ ಅನ್ನಿಸ್ತು.”

“ಈಗ ಏನನ್ನಿಸತ್ತೆ ಮೇಷ್ಟ್ರೇ?”

“ಈಗ್ಲೂ ನಿಧಾನಾನೇ.”

ಮನೆಗೆ ಬಂದು ಅನ್ನಕ್ಕಿಟ್ಟು, ಈ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ನನ್ನ ಚಲನೆ ಅವರಿಗೆ ಹಿಡಿಸಿತ್ತು, ಅದಕ್ಕೇ ಕಾಪಾಡಿದರು ಎಂದು ಇಷ್ಟು ವರ್ಷ ನಂಬಲು ಪ್ರಯತ್ನಿಸಿದ್ದೆ. ತಪ್ಪೆಂದು ತಮಗೆ ಅನ್ನಿಸಿದ್ದನ್ನು, ಇನ್ನೊಬ್ಬಳು ನನ್ನದು ಎಂದಳೆಂಬ ಒಂದೇ ಕಾರಣಕ್ಕೆ, ತಮ್ಮ ಸ್ಟುಡಿಯೋದ ಹೆಸರಿನಡಿಯಲ್ಲಿ ಹೊರಗೆ ಬಿಟ್ಟು, ಆಸ್ಪತ್ರೆಯವರೊಡನೆ ಅದಕ್ಕಾಗಿ ವಾದಿಸಿದರೆಂದರೆ ಅದು ಹಿಡಿಸಿದ್ದನ್ನು ಕಾಪಾಡುವುದಕ್ಕಿಂತ ಎಷ್ಟೋ ದೊಡ್ಡದು. ಹೊಗಳಿಕೆಯಿಂದ ನುಣುಚಿಕೊಳ್ಳಲು ಈ ಕಥೆಯನ್ನೇ ಅವರು ಈಗ ಕಟ್ಟಿರಬಹುದೆಂಬ ಅನುಮಾನವೂ ನನಗಿದೆ. ಅವರಿಂದ ಕಲಿತವರು ಇಷ್ಟು ಸುಲಭವಾಗಿ ಏನನ್ನೂ ನಂಬುವುದಿಲ್ಲ.

ಇನ್ನು ಪೂರ್ತಿ ವಿಶ್ರಾಂತಿ ಎಂದು ಅವರು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ. ಅದನ್ನೂ ನಾನು ನಂಬಿಲ್ಲ. ಅವರಿಗೆ ಆರೋಗ್ಯವಿರಲಿ, ಕಣ್ಣು ಹೀಗೆಯೇ ಚುರುಕಾಗಿರಲಿ. ಇನ್ನೂ ಬಹಳ ವರ್ಷ ನಮ್ಮ ಹಿಂದೆ ನಿಂತು ಪರದೆಯನ್ನು ನೋಡುತ್ತ, ನಿಧಾನವಾಯಿತು, ನಿಧಾನವಾಯಿತು ಎಂದು ಗೊಣಗುತ್ತಿರಲಿ. ನಾನಂತೂ ವೇಗ ಹೆಚ್ಚಿಸುವುದಿಲ್ಲ.